ನಡೆದವನೆಲ್ಲ ದಾರಿ ಬಲ್ಲವನಲ್ಲ

ಶಿವರಾತ್ರಿ ಹತ್ತಿರ ಬಂತು. ಧರ್ಮಸ್ಥಳದ ಪಾದಯಾತ್ರಿಗಳು ಇನ್ನೇನು ನಮ್ಮ ನೆಲಮಂಗಲ–ಕುಣಿಗಲ್ ರಸ್ತೆಗೆ ಇಳೀತಾರೆ. ನಮ್ಮೂರ ಹುಡುಗರೂ ಹೊರಡ್ತಾರೆ. ಹಾಸನ ದಾಟಿ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳ ಮುಟ್ಟೋದಕ್ಕೆ ಬೆಂಗಳೂರಿನಿಂದ ಸುಮಾರು 300 ಕಿ.ಮೀ. ಕಳಿಸುವ ಮುಂಚೆ ತಂಡದ ಮುಂದಾಳು ಯಾರು ಅಂತ ವಿಚಾರಿಸಿ.

ನಾನು ಸೊಪ್ಪು ಕೊಡುವ ಮಲ್ಲೇಶ್ವರದ ಗಿರಾಕಿಯೊಬ್ಬರು ಹೋದ ವಾರ ಹೇಳಿದರು: "ನಲವತ್ತು ಟ್ರೆಕ್ ಮುಗಿಸಿದ್ದೀನಿ, ಪಾದಯಾತ್ರೆ ಯಾವ ಮಹಾ? ನಾನೇ ಕರ್ಕೊಂಡು ಹೋಗ್ತೀನಿ." ಕಾಡು ಮಲ್ಲೇಶ್ವರನ ಹೆಸರಲ್ಲಿ ಮಾತ್ರ ಕಾಡು ಉಳಿದಿರುವ ಬಡಾವಣೆಯಿಂದ ಶುಕ್ರವಾರ ರಾತ್ರಿ ಬಸ್ ಹತ್ತಿ, ಭಾನುವಾರ ರಾತ್ರಿ ವಾಪಸ್ ಬರುವ ಲೆಕ್ಕ ಅದು. ದೂರದ ನಡಿಗೆಯಲ್ಲಿ ಕಾಲು ಮಾತಾಡೋಕೆ ಶುರು ಮಾಡೋದೇ ಮೂರನೇ ದಿನ. ಅಷ್ಟೊತ್ತಿಗೆ ಅವರು ಆಫೀಸಿನಲ್ಲಿರ್ತಾರೆ. ಒಂದು ವರ್ಷ ಟೊಮೆಟೊಗೆ ರೇಟು ಸಿಕ್ಕವನು ಮರುವರ್ಷ ಊರಿಗೆಲ್ಲ ಪಾಠ ಹೇಳ್ತಾನಲ್ಲ, ಇದೂ ಹಾಗೇ.

ಹಾಗಂತ ನಾವೇನು ಪಂಡಿತರಲ್ಲ. "ದಿನಾ ಹೊಲದಲ್ಲಿ ನಡೆಯೋರು ನಾವು" ಅನ್ನೋದೂ ಅದೇ ಜಂಬ. ಹೊಲದ ಮಣ್ಣು ಬೇರೆ, ಕಾದ ಡಾಂಬರು ಬೇರೆ.

2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಕರ್ನಾಟಕದಿಂದ ಹೋದ ಚಾರಣದ ತಂಡ ಹಿಮಗಾಳಿಗೆ ಸಿಕ್ಕಿ 9 ಜನ ತೀರಿಕೊಂಡರು. ಅವರಲ್ಲಿ ವರ್ಷಗಟ್ಟಲೆ ಬೆಟ್ಟ ಹತ್ತಿದ ಅನುಭವಸ್ಥರೂ ಇದ್ದರು. ತಪ್ಪು ಯಾರದು ಅಂತ ಇಲ್ಲಿ ಕೂತು ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಆದರೆ ಎಷ್ಟು ಬೆಟ್ಟ ಹತ್ತಿದ್ದೀಯ ಅಂತ ಹವಾಮಾನ ಕೇಳೋದಿಲ್ಲ ಅನ್ನೋದು ರೈತನಿಗೆ ಬಿಡಿಸಿ ಹೇಳಬೇಕಾ?

ಹಾಗಾದರೆ ಬಲ್ಲವನು ಯಾರು? ಎಷ್ಟು ಕಿಲೋಮೀಟರು ನಡೆದ ಅಂತ ಕೇಳಬೇಡಿ. ಎಲ್ಲಿಂದ ಹಿಂದಿರುಗಿದೆ, ಯಾಕೆ ಅಂತ ಕೇಳಿ. ಒಮ್ಮೆಯೂ ಹಿಂದಿರುಗಿಲ್ಲ ಅಂದರೆ ಒಂದೋ ಅದೃಷ್ಟವಂತ, ಇಲ್ಲಾ ಸುಳ್ಳುಗಾರ. ಬಿಸಿಲು ಏರುವ ಮುಂಚೆ ಎಷ್ಟು ನಡೆಸ್ತೀಯ, ಮಧ್ಯಾಹ್ನ ನೆರಳು ಎಲ್ಲಿ, ನೀರಿನ ಜೊತೆ ಉಪ್ಪು ಯಾವಾಗ ಕೊಡ್ತೀಯ ಅಂತ ಕೇಳಿ. ಬೊಬ್ಬೆ ಎದ್ದ ಮೇಲೆ ಮುಲಾಮು ಹುಡುಕುವವನು ಬೇಡ. ಕಾಲು ಉರೀತಿದೆ ಅಂದ ತಕ್ಷಣ ಎಲ್ಲರನ್ನೂ ನಿಲ್ಲಿಸಿ, ಒದ್ದೆ ಸಾಕ್ಸ್ ಬಿಚ್ಚಿಸಿ, ಟೇಪು ಹಾಕುವವನು ಬೇಕು. ರಾತ್ರಿ ಹೆದ್ದಾರಿಯಲ್ಲಿ ಹೊಳೆಯುವ ಜಾಕೆಟ್ ಹಾಕಿಸಿ, ಎದುರು ಬರುವ ಗಾಡಿ ಕಾಣುವ ಹಾಗೆ ಬಲಗಡೆ ಅಂಚಲ್ಲಿ ನಡೆಸುವವನು ಬೇಕು. ಪಾದಯಾತ್ರೆಯಲ್ಲಿ ಜೀವ ತೆಗೆಯೋದು ಹುಲಿಯಲ್ಲ, ಲಾರಿ.

ಕೊನೆಗೆ, ತಂಡದಲ್ಲಿ ಎಲ್ಲರಿಗಿಂತ ನಿಧಾನ ಯಾರು ಅಂತ ಕೇಳಿ. ಥಟ್ಟನೆ ಹೆಸರು ಹೇಳಿ, "ಅವನ ಜೊತೆ ನಾನಿರ್ತೀನಿ" ಅಂದರೆ ಧೈರ್ಯವಾಗಿ ಕಳಿಸಿ. ಸದಾ ಮುಂದೆ ಹೋಗಿ ಫೋಟೋ ಹಾಕುವವನು ಎಷ್ಟು ನಡೆದಿದ್ದರೇನು, ತನ್ನ ಕಾಲನ್ನು ಮಾತ್ರ ಬಲ್ಲ.

ಉತ್ತರ ಸರಿ ಬರಲಿಲ್ಲವಾ? ಹುಡುಗನ ಚೀಲ ಒಳಗಿಡಿ. ಬಸ್ಸಲ್ಲಿ ಹೋದವರಿಗೂ ಮಂಜುನಾಥ ದರ್ಶನ ಕೊಡ್ತಾನೆ.