ಬೀಜ ಬಿಡುವ ಕೈಗೆ ಎಷ್ಟು ಕೂಲಿ?

ನಮ್ಮಲ್ಲಿಗೆ ಇಪ್ಪತ್ತು ವರ್ಷ ರಾಗಿ ಬಿತ್ತನೆಗೆ ಬರುತ್ತಿದ್ದ ಅಜ್ಜಿಯ ಸೊಸೆ ದೊಡ್ಡಬಳ್ಳಾಪುರದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದಳು. ಸೇರಿಸಿಕೊಳ್ಳುವಾಗ ಓದು ಎಷ್ಟು ಅಂತ ಕೇಳಲಿಲ್ಲವಂತೆ. ಮಿಷನ್ ಮುಂದೆ ಕೂರಿಸಿ, ತುಂಡು ಬಟ್ಟೆ ಕೊಟ್ಟು ಹೊಲಿ ಅಂದರಂತೆ. ಹೊಲಿಗೆ ನೆಟ್ಟಗೆ ಬಂತಾ, ಎಷ್ಟು ಹೊತ್ತಿಗೆ ಮುಗೀತು ಅಂತ ನೋಡಿ ಟೈಲರೋ ಹೆಲ್ಪರೋ ಎಂದು ಗೊತ್ತು ಮಾಡಿದರಂತೆ. ಇಬ್ಬರಿಗೂ ಸಂಬಳ ಒಂದೇ ಅಲ್ಲ.

ನಾವೂ ಆಳು ಕರೆಯುವವರೇ ತಾನೆ? ನಾವು ಏನು ಕೇಳುತ್ತೇವೆ? "ನಾಳೆ ಬರ್ತೀಯಾ, ಕೂಲಿ ಎಷ್ಟು?" ಅಷ್ಟೇ.

ಕೂರಿಗೆ ಬಟ್ಟಲಿಗೆ ರಾಗಿ ಬಿಡುವುದು ಸುಲಭದ ಕೆಲಸವಲ್ಲ. ನಮ್ಮದು 12 ತಾಳಿನ ಕೂರಿಗೆ. ಹಿಡಿಯಲ್ಲಿರುವ ಕಾಳು ಬೆರಳ ಸಂದಿಯಿಂದ 12 ತೂತಿಗೂ ಸಮನಾಗಿ ಇಳಿಯಬೇಕು. ಎತ್ತಿನ ನಡಿಗೆ ಬಿರುಸಾದರೆ ಕೈಯೂ ಬಿರುಸಾಗಬೇಕು, ತಿರುವಿನಲ್ಲಿ ಕೈ ಮುಚ್ಚಬೇಕು. ಒಂದು ತಾಳಿಗೆ ಮಣ್ಣು ಕಚ್ಚಿಕೊಂಡರೆ ಆ ಸಾಲು ಪೂರ್ತಿ ಬೋಳು. ಅದು ಬಟ್ಟಲಲ್ಲಿ ಕಾಳು ನಿಂತಾಗಲೇ ಗೊತ್ತಾಗಬೇಕು, ಪೈರು ಹುಟ್ಟಿದ ಮೇಲಲ್ಲ. ಅಜ್ಜಿಯ ಕೈಯಲ್ಲಿ ಎಕರೆಗೆ 4 ಕೆ.ಜಿ. ಅಂದರೆ ನಾಲ್ಕೇ.

ಹೋದ ಮುಂಗಾರಿನಲ್ಲಿ ಅಜ್ಜಿಗೆ ಮಂಡಿನೋವು. ಕಡಿಮೆ ಕೂಲಿಗೆ ಸಿಕ್ಕಿದನೆಂದು ಒಬ್ಬ ಹುಡುಗನನ್ನು ಕರೆದೆ. ಎರಡು ಎಕರೆಗೆ ಇಟ್ಟಿದ್ದ 8 ಕೆ.ಜಿ. ಬೀಜ ಒಂದೂಕಾಲು ಎಕರೆಗೇ ಮುಗಿಯಿತು. ಕೆಲವು ಸಾಲು ಹುಲ್ಲಿನ ಹಾಗೆ ಒತ್ತಾಗಿ ಹುಟ್ಟಿತು, ಕೆಲವು ಸಾಲು ಖಾಲಿ. ಮತ್ತೆ ಬೀಜ ತರುವ ಹೊತ್ತಿಗೆ ಹದ ಆರಿತ್ತು. ಹುಡುಗನನ್ನು ಬೈದು ಏನು ಫಲ? ಬೀಜ ಬಿಡಲು ಬರುತ್ತಾ ಅಂತ ನಾನು ಕೇಳಿರಲೇ ಇಲ್ಲ.

ಸೊಸೆಗೆ ಯಾಕೆ ಕಲಿಸಲಿಲ್ಲ ಅಂತ ಅಜ್ಜಿಯನ್ನು ಕೇಳಿದೆ. "ಕಲ್ತಿದ್ರೆ ನೀನೇನ್ ಒಂದ್ರುಪಾಯಿ ಜಾಸ್ತಿ ಕೊಡ್ತಿದ್ಯೇನಪ್ಪ?" ಅಂದಿತು. ನಿಜ. ಎತ್ತು ಹೊಡೆಯುವವನಿಗೆ ಗಂಡಾಳಿನ ಕೂಲಿ, ಇಡೀ ವರ್ಷದ ಬೆಳೆಯನ್ನು ಬೆರಳಲ್ಲಿ ಹಿಡಿದಿದ್ದ ಅಜ್ಜಿಗೆ ಕಳೆ ಕೀಳುವವರಷ್ಟೇ ಕೊಡುತ್ತಿದ್ದೆ. ಇಪ್ಪತ್ತು ವರ್ಷ!

ತೆಂಗಿನವರು ನಮಗಿಂತ ಮುಂಚೆ ಎಚ್ಚೆತ್ತರು. ಮರ ಹತ್ತುವವರು ಸಿಗದೆ ಹೋದಾಗ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಹುಡುಗರಿಗೆ ಯಂತ್ರದಲ್ಲಿ ಮರ ಹತ್ತುವ ತರಬೇತಿ ಶುರು ಮಾಡಿತು. ಮರಕ್ಕೆ ಇಷ್ಟು ಅಂತ ದುಡಿಯುವವರು ಈಗ ಇದ್ದಾರೆ. ಕೂರಿಗೆಗೆ ಅಂಥ ಮಂಡಳಿ ಇಲ್ಲ. ಟ್ರ್ಯಾಕ್ಟರ್ ಕೂರಿಗೆ ಇದೆಯಲ್ಲ ಅನ್ನಬಹುದು. ನನ್ನಂಥವರ ತುಂಡು ಹೊಲದಲ್ಲಿ ಅದು ತಿರುಗುವುದೇ ಕಷ್ಟ. ಅಲ್ಲದೆ ಊರೆಲ್ಲ ಒಂದೇ ಹದಕ್ಕೆ ಕಾಯುವಾಗ ಸಣ್ಣವರ ಸರದಿ ಕೊನೆಗೆ.

ಬೀಜ ಬಿಡುವವರಿಗೆ ದಿನಗೂಲಿ ಬಿಟ್ಟು ಎಕರೆ ಲೆಕ್ಕದಲ್ಲಿ ಕೊಡಬೇಕು, ಅದು ಎತ್ತು ಹೊಡೆಯುವವನ ಕೂಲಿಗಿಂತ ಕಡಿಮೆ ಇರಬಾರದು ಅನ್ನುವುದು ನನ್ನ ವಾದ. ನಮ್ಮ ಕೇರಿಯ ನಾಲ್ಕು ಮನೆಯವರು ಒಪ್ಪಿದ್ದಾರೆ, ಮಿಕ್ಕವರು "ನೀನು ರೇಟು ಕೆಡಿಸ್ತೀಯ" ಅಂತ ನನ್ನ ಮೇಲೆ ಸಿಟ್ಟಾಗಿದ್ದಾರೆ. ಉತ್ತು ಬಿಟ್ಟ ಹೊಲದಲ್ಲಿ ಸಣ್ಣ ಮರಳು ಬಿಟ್ಟು ಕಲಿಯಲು ಇಬ್ಬರು ಹೆಣ್ಣುಮಕ್ಕಳು ಬರುತ್ತಿದ್ದಾರೆ. ಅಜ್ಜಿ ಬದುವಿನ ಮೇಲೆ ಕೂತು ಹೇಳಿಕೊಡುತ್ತೆ. ಆ ದಿನಗಳ ಕೂಲಿ ಅಜ್ಜಿಗೂ ಕೊಡುತ್ತಿದ್ದೇವೆ.