ದೋಷವನ್ನು ಅಳಿಸುವ ಮುನ್ನ ಅರಿಯಬೇಕು

ಗಣಕಯಂತ್ರದ ಗುಂಡಿಯನ್ನು ಒತ್ತಿದೊಡನೆ ತಯಾರಕರ ಲಾಂಛನವು ಪರದೆಯ ಮೇಲೆ ಸರಿಯಾಗಿಯೇ ಮೂಡುತ್ತದೆ. ಇನ್ನೇನು ಯಂತ್ರವು ಸಿದ್ಧವಾಯಿತು ಎನ್ನುವಷ್ಟರಲ್ಲಿ ದೋಷದ ಸೂಚನೆಯೊಂದು ಕಾಣಿಸಿಕೊಂಡು ಎಲ್ಲವೂ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಇಂತಹ ಸಮಯದಲ್ಲಿ 'ಎಲ್ಲವನ್ನೂ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಬಿಡಿ' ಎಂದು ಸಲಹೆ ಕೊಡುವವರು ಬಹಳ ಮಂದಿ. ಇಲಿ ಬಂತೆಂದು ಮನೆಗೆ ಬೆಂಕಿಯಿಡುವ ಈ ಚಿಕಿತ್ಸೆಯನ್ನು ವಿಜ್ಞಾನದ ವಿದ್ಯಾರ್ಥಿಯು ಒಪ್ಪಬಾರದೆಂಬುದು ನನ್ನ ಅಭಿಪ್ರಾಯ.

ಯಂತ್ರವು ಕೆಡುವ ಗಳಿಗೆಯೇ ಮೊದಲನೆಯ ಸಾಕ್ಷಿ. ಲಾಂಛನವನ್ನು ತೋರಿಸಲು ಯಂತ್ರದೊಳಗಿನ ಸರಳ ಸೂಚನೆಗಳೇ ಸಾಕು. ಅನಂತರ ಗ್ರಾಫಿಕ್ಸ್ ಡ್ರೈವರ್ ಎಂಬ ತಂತ್ರಾಂಶವು ಗ್ರಾಫಿಕ್ಸ್ ಕಾರ್ಡಿನ ಆಡಳಿತವನ್ನು ವಹಿಸಿಕೊಂಡು ಅದರ ಮೆಮೊರಿಯನ್ನು ಬಳಸತೊಡಗುತ್ತದೆ. ಈ ಡ್ರೈವರಿನ ಒಂದು ಭಾಗವು ವಿಂಡೋಸಿನ ತಿರುಳಾದ ಕರ್ನೆಲ್ಲಿನಲ್ಲಿಯೇ ನಡೆಯುತ್ತದೆ. ಸಾಮಾನ್ಯ ತಂತ್ರಾಂಶವು ತನ್ನದಲ್ಲದ ಮೆಮೊರಿಗೆ ಕೈಚಾಚಿದರೆ ಅದೊಂದೇ ನಿಲ್ಲುತ್ತದೆ. ಕರ್ನೆಲ್ಲಿನೊಳಗೆ ಅದೇ ತಪ್ಪು ನಡೆದರೆ, ದತ್ತಾಂಶವು ಕೆಡದಿರಲೆಂದು ವಿಂಡೋಸ್ ಇಡೀ ಯಂತ್ರವನ್ನೇ ನಿಲ್ಲಿಸಿಬಿಡುತ್ತದೆ.

ಹಾಗಾದರೆ ಪರೀಕ್ಷಿಸುವುದು ಹೇಗೆ? ಆರಂಭವು ಸತತವಾಗಿ ಕೆಲವು ಬಾರಿ ವಿಫಲವಾದಾಗ ವಿಂಡೋಸ್ ೧೦ ಮತ್ತು ೧೧ ದುರಸ್ತಿಯ ಪಟ್ಟಿಯೊಂದನ್ನು ತಾವಾಗಿಯೇ ತೋರಿಸುತ್ತವೆ. ಅದರ ಮೂಲಕ 'ಸೇಫ್ ಮೋಡ್' ಎಂಬ ಸ್ಥಿತಿಯನ್ನು ಪ್ರವೇಶಿಸಬಹುದು. ಅಲ್ಲಿ ತಯಾರಕರ ಡ್ರೈವರನ್ನು ಬದಿಗಿಟ್ಟು ಸರಳ ಡ್ರೈವರಿನಿಂದಲೇ ಚಿತ್ರವನ್ನು ಮೂಡಿಸಲಾಗುತ್ತದೆ. ಯಂತ್ರವು ಅಲ್ಲಿ ನೆಟ್ಟಗೆ ನಡೆದರೆ ಸಂಶಯವು ಡ್ರೈವರಿನ ಮೇಲೆ ಬೀಳುತ್ತದೆ. ಆದರೆ ಅಷ್ಟಕ್ಕೇ ತೀರ್ಪು ಕೊಡಲಾಗದು. ಸರಳ ಡ್ರೈವರು ಕಾರ್ಡಿನಿಂದ ಹೆಚ್ಚು ಕೆಲಸ ತೆಗೆಯದ ಕಾರಣ, ಕಾರ್ಡಿನದೇ ದೋಷವು ಅಲ್ಲಿ ಅಡಗಿರಬಹುದು. ಆದುದರಿಂದ ಮೊದಲು ಹೊಸ ಡ್ರೈವರನ್ನು ತೆಗೆದು ಹಿಂದಿನದನ್ನು ಹಾಕಿ ನೋಡಬೇಕು. ಫಲ ದೊರೆಯದಿದ್ದರೆ ವಿಂಡೋಸಿನಲ್ಲಿಯೇ ಇರುವ ಪರೀಕ್ಷೆಯಿಂದ ಯಂತ್ರದ ಮುಖ್ಯ ಮೆಮೊರಿಯನ್ನು ಪರಿಶೀಲಿಸಬೇಕು. ಅದೂ ನಿರ್ದೋಷವೆಂದು ಕಂಡರೆ, ಬಿಡಿಯಾದ ಕಾರ್ಡನ್ನು ಇನ್ನೊಂದು ಯಂತ್ರಕ್ಕೆ ಜೋಡಿಸಿ ನೋಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ: ಪ್ರಯೋಗಶಾಲೆಯ ಈ ನಿಯಮವು ಇಲ್ಲಿಯೂ ಅನ್ವಯಿಸುತ್ತದೆ.

ಈ ಮಾರ್ಗದ ಬೆಲೆಯನ್ನು ಲೋಕವು ೨೦೨೪ರ ಜುಲೈ ೧೯ರಂದು ಕಂಡಿತು. ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ರಕ್ಷಣಾ ತಂತ್ರಾಂಶದ ಡ್ರೈವರು ಗ್ರಾಫಿಕ್ಸಿಗೆ ಸಂಬಂಧಿಸಿದುದಲ್ಲ; ಆದರೆ ಅದೂ ಕರ್ನೆಲ್ಲಿನೊಳಗಿನದೇ. ದೋಷಯುಕ್ತ ಕಡತವೊಂದರಿಂದಾಗಿ ಅದು ಮೆಮೊರಿಯ ಎಲ್ಲೆಯನ್ನು ಮೀರಿ ಓದಿತು. ಮೈಕ್ರೋಸಾಫ್ಟಿನ ಅಂದಾಜಿನಂತೆ ಸುಮಾರು ೮೫ ಲಕ್ಷ ಯಂತ್ರಗಳು ಇದಕ್ಕೆ ತುತ್ತಾದವು. ಕಾರಣವು ತಿಳಿದ ಮೇಲೆ ಸೇಫ್ ಮೋಡಿನಲ್ಲಿ ಆ ಒಂದು ಕಡತವನ್ನು ತೆಗೆದುಹಾಕಿ ಅನೇಕ ಯಂತ್ರಗಳನ್ನು ಸರಿಪಡಿಸಲಾಯಿತು. ಉಳಿದ ಯಾವುದನ್ನೂ ಅಳಿಸಬೇಕಾಗಲಿಲ್ಲ.

'ಹೊಸದಾಗಿ ಹಾಕಿದರೆ ಯಂತ್ರವು ಬೇಗ ಸರಿಹೋಗುವುದಲ್ಲವೆ?' ಎಂದು ವಾಚಕರು ಕೇಳಬಹುದು. ಕೆಲವೊಮ್ಮೆ ಸರಿಹೋಗುವುದುಂಟು, ಬೇರೆ ಉಪಾಯವೇ ಇಲ್ಲವಾದಾಗ ಅದನ್ನು ಮಾಡಬೇಕಾಗುವುದೂ ಉಂಟು. ಆದರೆ ಮೊದಲೇ ಹಾಗೆ ಮಾಡಿದರೆ ಸಾಕ್ಷಿಗಳೆಲ್ಲ ಅಳಿಸಿಹೋಗಿ, ಕಾರಣವು ಎಂದಿಗೂ ತಿಳಿಯದೆ ಹೋಗುತ್ತದೆ. ಕೆಟ್ಟಿರುವುದು ಮೆಮೊರಿಯೇ ಆಗಿದ್ದರೆ ದೋಷವು ನಾಳೆ ಮರಳಿ ಬರುತ್ತದೆ. ಪ್ರತಿಯಿಲ್ಲದೆ ಅಳಿಸಿದ ಒಂದು ವರ್ಷದ ಟಿಪ್ಪಣಿಗಳು ಮಾತ್ರ ಮರಳಿ ಬಾರವು.