ಸೀರೆ ಗಾರ್ಡ್ ಬಿಚ್ಚಿದ ಮೇಲೆ

ಬೈಕಿನ ಹಿಂದಿನ ಚಕ್ರದ ಪಕ್ಕಕ್ಕೆ ಕಬ್ಬಿಣದ ಸರಳುಗಳ ಒಂದು ಚಿಕ್ಕ ಜಾಲರಿ ಇರುತ್ತದೆ. ನಮ್ಮಲ್ಲಿ ಅದಕ್ಕೆ ಸೀರೆ ಗಾರ್ಡ್ ಎನ್ನುತ್ತಾರೆ. ಹಿಂದೆ ಕುಳಿತವಳ ಸೆರಗೋ ದುಪಟ್ಟಾವೋ ಚಕ್ರಕ್ಕೆ ಸಿಕ್ಕಿಕೊಳ್ಳದಿರಲೆಂದು ಇಟ್ಟದ್ದು. ಇದು ಕಂಪನಿಯವರು ಪ್ರೀತಿಯಿಂದ ಕೊಟ್ಟ ಉಡುಗೊರೆಯೇನಲ್ಲ. ಹಿಂದಿನ ಸವಾರರಿಗೆ ಹಿಡಿಕೆ, ಕಾಲಿಡಲು ಜಾಗ, ಹಿಂದಿನ ಚಕ್ರದ ಅರ್ಧಕ್ಕಾದರೂ ಮರೆ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು ಕಟ್ಟುನಿಟ್ಟಾಗಿ ಹೇಳುತ್ತದೆ. ಇಡೀ ಬೈಕಿನಲ್ಲಿ ನಮ್ಮಂಥ ಹೆಂಗಸರನ್ನು ನೆನೆದು ಮಾಡಿದ ಭಾಗ ಯಾವುದಾದರೂ ಇದ್ದರೆ ಅದು ಇದೇ. ಹೊಸ ಸ್ಪೋರ್ಟ್ಸ್ ಬೈಕು ಮನೆಗೆ ಬಂದ ವಾರದೊಳಗೆ ನಮ್ಮ ಹುಡುಗರು ಮೊದಲು ಬಿಚ್ಚಿ ಎಸೆಯುವುದೂ ಇದನ್ನೇ.

ಆಮೇಲೆ ಕನ್ನಡಿಯ ಸರದಿ. ಆಮೇಲೆ ಸೈಲೆನ್ಸರ್. ನಂಬರ್ ಪ್ಲೇಟು ಸೀಟಿನಡಿಗೆ ಮಡಚಿಕೊಳ್ಳುತ್ತದೆ. 'ಯಾಕಪ್ಪಾ ಹೀಗೆ?' ಎಂದು ಕೇಳಿದರೆ, 'ಮಿಸ್, ಇದು ರೇಸ್ ಬೈಕ್ ಲುಕ್ಕು' ಎಂದು ನನಗೇ ಪಾಠ ಹೇಳುತ್ತಾರೆ. ತುಮಕೂರಿನ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತೇಳು ವರ್ಷಗಳಿಂದ ಸಮಾಜ ವಿಜ್ಞಾನ ಹೇಳಿಕೊಡುತ್ತಿರುವ ನನಗೆ ಬೈಕಿನ ಲುಕ್ಕು ಏನು ತಿಳಿಯಬೇಕು ಎಂಬುದು ಅವರ ಎಣಿಕೆ. ಆದರೆ ರೇಸ್ ಬೈಕು ಎಂದರೇನೆಂದು ನನಗೆ ಚೆನ್ನಾಗಿಯೇ ಗೊತ್ತು. ಒಂದು ಬೈಕು ಹಾಗಾಗುವುದನ್ನು ನಮ್ಮ ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಮೂರು ತಿಂಗಳು ನಿಂತು ನೋಡಿದ್ದೇನೆ. ಅದಕ್ಕೇ ಹೇಳುತ್ತೇನೆ, ಈ ಹುಡುಗರ ಬೈಕುಗಳು ರೇಸ್ ಬೈಕುಗಳಲ್ಲ. ಒಲೆಯಿಂದ ಅರ್ಧಕ್ಕೇ ಇಳಿಸಿದ ಅನ್ನದಂಥವು.

ಮಾಡಿದವಳು ನನ್ನ ತಂಗಿಯ ಮಗಳು. ಬೆಂಗಳೂರಿನಲ್ಲಿ ಕೆಲಸ. ಇರುವುದು ಬಾಡಿಗೆ ಕೋಣೆ, ಗಾಡಿ ಬಿಚ್ಚಿ ಹರವಲು ಜಾಗವಿಲ್ಲ. 'ದೊಡ್ಡಮ್ಮಾ, ನಿಮ್ಮ ಶೆಡ್ಡು ಕೊಡ್ತೀರಾ?' ಎಂದಳು, ಕೊಟ್ಟೆ. ಸೆಕೆಂಡ್ ಹ್ಯಾಂಡ್ ಯಮಹಾ ಆರ್15 ಒಂದನ್ನು ತಂದು, ಶನಿವಾರ ಬಂದು ಭಾನುವಾರ ಸಂಜೆಯವರೆಗೆ ಅದರ ಮುಂದೆ ಕೂರುತ್ತಿದ್ದಳು. ಊಟಕ್ಕೆ ಕರೆದರೆ ಗ್ರೀಸಿನ ಕೈ ತೋರಿಸಿ, 'ಕಲಸಿ ಕೈತುತ್ತು ಹಾಕಿಬಿಡಿ' ಎನ್ನುತ್ತಿದ್ದಳು.

ರೇಸಿನ ಅಂಕಣಕ್ಕೆ ಬೈಕನ್ನು ಸಿದ್ಧ ಮಾಡುವುದೆಂದರೆ ಎಂಜಿನ್ನಿಗೆ ಇನ್ನಷ್ಟು ವೇಗ ತುಂಬುವುದೆಂದು ನಾನೂ ತಿಳಿದಿದ್ದೆ, ನೀವೂ ಹಾಗೇ ತಿಳಿದಿರಬಹುದು. ಅವಳು ವೇಗದ ಗೋಜಿಗೇ ಹೋಗಲಿಲ್ಲ. ಮೊದಲು ಗಾಜೆಲ್ಲ ತೆಗೆದಳು: ಹೆಡ್‌ಲೈಟು, ಕನ್ನಡಿ, ಇಂಡಿಕೇಟರು. ಏಕೆ? ಬಿದ್ದರೆ ಆ ಚೂರುಗಳು ಹಿಂದೆ ಬರುವವನ ಚಕ್ರಕ್ಕೆ ಚುಚ್ಚುತ್ತವೆ. ಸೈಡ್ ಸ್ಟ್ಯಾಂಡ್ ತೆಗೆದಳು. ತಿರುವಿನಲ್ಲಿ ಬೈಕು ಪೂರಾ ಮಲಗಿದಾಗ ಅದು ನೆಲಕ್ಕೆ ತಾಗಬಾರದು. ರೇಡಿಯೇಟರಿನ ಕೂಲೆಂಟನ್ನು ಹೊರಚೆಲ್ಲಿ ಬರೀ ನೀರು ತುಂಬಿದಳು. ಕೂಲೆಂಟಿನಲ್ಲಿರುವ ಗ್ಲೈಕಾಲು ರಸ್ತೆಗೆ ಸೋರಿದರೆ ಜಾರುತ್ತದೆ, ಬೇಗ ಆರುವುದೂ ಇಲ್ಲ. ನೀರಾದರೆ ಆರಿಹೋಗುತ್ತದೆ. ಎಂಜಿನ್ನಿನ ಕೆಳಗೆ ತೊಟ್ಟಿಯಂಥ ಫೈಬರ್ ಕವಚ ಕೂಡಿಸಿದಳು. ಎಂಜಿನ್ ಒಡೆದರೂ ಆಯಿಲ್ ನೆಲಕ್ಕೆ ಬೀಳದೆ ಅದರಲ್ಲೇ ನಿಲ್ಲಬೇಕು.

ಆಯಿಲ್ ಇಳಿಸುವ ಬೋಲ್ಟಿನ ಕೆಲಸವನ್ನಂತೂ ನಾನು ಮರೆಯಲಾರೆ. ಆ ಬೋಲ್ಟಿನ ತಲೆಗೆ ಸೂಜಿಗಣ್ಣಿನಂಥ ತೂತು ಕೊರೆದು, ಸ್ಟೀಲ್ ತಂತಿ ಪೋಣಿಸಿ, ಬೋಲ್ಟು ಸಡಿಲವಾಗುವ ದಿಕ್ಕಿಗೆ ತಿರುಗಲಾರದಂತೆ ಎಳೆದು, ಹೊಸೆದು, ಪಕ್ಕದ ಗಟ್ಟಿ ಜಾಗಕ್ಕೆ ಕಟ್ಟಬೇಕು. ಆಯಿಲ್ ಫಿಲ್ಟರಿಗೂ ಹಾಗೇ, ಆಯಿಲ್ ಹಾಕುವ ಮುಚ್ಚಳಕ್ಕೂ ಹಾಗೇ. ತೂತು ಕೊರೆಯುವಾಗ ಡ್ರಿಲ್ಲಿನ ಮೂರು ಕಡ್ಡಿಗಳು ಮುರಿದವು. ತಂತಿ ಹೊಸೆಯುವುದು ನನಗೆ ಒಂದೇ ಸಲಕ್ಕೆ ಬಂತು. ಎಷ್ಟು ಹೆಣ್ಣುಮಕ್ಕಳಿಗೆ ಜಡೆ ಹಾಕಿದ ಕೈ ಇದು! ಇಷ್ಟೆಲ್ಲ ಏಕೆಂದು ಕೇಳಿದ್ದಕ್ಕೆ ಅವಳು ಹೇಳಿದಳು: 'ನನ್ನ ಬೋಲ್ಟು ಬಿಚ್ಚಿಕೊಂಡ್ರೆ ನಾನಷ್ಟೇ ಬೀಳಲ್ಲ ದೊಡ್ಡಮ್ಮಾ, ಹಿಂದೆ ಬರೋರೆಲ್ಲ ಬೀಳ್ತಾರೆ.'

ನೋಡಿ, ಇದು ನಾನು ಎಣಿಸಿರದ ಸಂಗತಿ. ನಿಜವಾದ ರೇಸ್ ಬೈಕಿನ ಕೆಲಸದಲ್ಲಿ ಬಹುಪಾಲು ಹಿಂದೆ ಬರುವವರ ಚಿಂತೆ. ಹಿಂದಿನ ಸೀಟು, ಫುಟ್‌ರೆಸ್ಟು, ಹಿಡಿಕೆ, ಸೀರೆ ಗಾರ್ಡು ಎಲ್ಲವನ್ನೂ ಅವಳೂ ತೆಗೆದಳು, ಏಕೆಂದರೆ ಇನ್ನು ಆ ಬೈಕಿನ ಮೇಲೆ ಇನ್ನೊಬ್ಬರು ಕೂರುವಂತೆಯೇ ಇಲ್ಲ. ಹಾಗೆ ತೆಗೆದ ಕಡೆಯೇ ಚೈನಿನ ಹಿಂದಿನ ಹಲ್ಲುಚಕ್ರದ ಹತ್ತಿರ ಮೀನಿನ ರೆಕ್ಕೆಯ ಆಕಾರದ ಒಂದು ತಗಡು ಕೂಡಿಸಿದಳು. ಬಿದ್ದ ಸವಾರನ ಬೆರಳು ಚೈನಿಗೂ ಚಕ್ರಕ್ಕೂ ನಡುವೆ ಸಿಕ್ಕಿಕೊಳ್ಳದಿರಲೆಂದು ಅದು. ಲೋಕವಿಖ್ಯಾತ ರೇಸುಗಾರರ ಬೈಕಿಗೂ ಅದು ಕಡ್ಡಾಯವಂತೆ. ಸೀರೆ ಗಾರ್ಡನ್ನು ನೋಡಿ ಮುಸಿಮುಸಿ ನಗುವ ವೀರರಿಗೆ ಈ ತಗಡಿನ ಸುದ್ದಿ ಯಾರಾದರೂ ತಿಳಿಸಬೇಕು.

ಈಗ ಬೀದಿಯ ಹುಡುಗನ ಬೈಕಿಗೆ ಬನ್ನಿ. ಅವನು ತೆಗೆಯುವುದೆಲ್ಲ ತೆಗೆದಿದ್ದಾನೆ, ಕೂಡಿಸಬೇಕಾದದ್ದು ಒಂದನ್ನೂ ಕೂಡಿಸಿಲ್ಲ. ಬೋಲ್ಟಿಗೆ ತಂತಿಯಿಲ್ಲ, ಎಂಜಿನ್ನಿನ ಕೆಳಗೆ ತೊಟ್ಟಿಯಿಲ್ಲ, ಮೈಮೇಲೆ ಚರ್ಮದ ಅಂಗಿಯಿಲ್ಲ, ತಲೆಯ ಮೇಲೆ ಹೆಲ್ಮೆಟ್ಟೂ ಇಲ್ಲ. ಹಿಂದಿನ ಸೀಟು ಮಾತ್ರ ಇದೆ. ಗುಬ್ಬಿ ಕೂರುವಷ್ಟು ಅಗಲ, ಅಟ್ಟದಷ್ಟು ಎತ್ತರ. ಅದರ ಮೇಲೆ ಅವನ ಅಮ್ಮನೋ ಅಕ್ಕನೋ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟುಕೊಂಡು, ಹಿಡಿಯಲು ಹಿಡಿಕೆಯಿಲ್ಲದೆ ಅವನ ಅಂಗಿ ಹಿಡಿದು ಕೂತಿದ್ದಾಳೆ.

ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ಹೀಗೇ ಮಗನ ಹಿಂದೆ ಕುಳಿತು ಮದುವೆಯಿಂದ ಮರಳುತ್ತಿದ್ದರು. ರೇಷ್ಮೆ ಸೀರೆ, ಗಾಳಿಗೆ ಹಾರಿದ ಸೆರಗು. ಚಕ್ರ ಅದನ್ನು ಸುತ್ತಿಕೊಂಡು ಎಳೆಯಿತು. ಭುಜದ ಮೂಳೆ ಮುರಿಯಿತು. ಎರಡು ತಿಂಗಳು ಕೈ ಎತ್ತಿ ಬೋರ್ಡಿನ ಮೇಲೆ ಬರೆಯಲಾಗಲಿಲ್ಲ. ನೋಡಲು ಹೋದಾಗ ಮಗ ಕಾಫಿ ತಂದುಕೊಟ್ಟ, ಒಳ್ಳೆಯ ಹುಡುಗ. ತಾಯಿ ಹೇಳಿದ್ದೇನು ಗೊತ್ತೇ? 'ನಾನೇ ಸೆರಗು ಸರಿಯಾಗಿ ಸಿಕ್ಕಿಸಿಕೋಬೇಕಿತ್ತು.' ಬಿದ್ದವಳೂ ಅವಳೇ, ತಪ್ಪಿತಸ್ಥಳೂ ಅವಳೇ! ನನ್ನ ಹೊಟ್ಟೆ ಉರಿದದ್ದು ಆ ಮಾತಿಗೆ. ಆ ಮನೆಯ ಅಟ್ಟದ ಮೇಲೆ ರಟ್ಟಿನ ಪೆಟ್ಟಿಗೆಯಲ್ಲಿ ಸೀರೆ ಗಾರ್ಡು ಹೊಸದಾಗಿಯೇ ಇತ್ತು.

ಹುಡುಗರು ಇನ್ನೊಂದು ಮಾಡುತ್ತಾರೆ, ರೇಸಿನ ಟೈರನ್ನೂ ಬ್ರೇಕನ್ನೂ ತಂದು ಊರಿನ ಗಾಡಿಗೆ ಹಾಕಿಸುತ್ತಾರೆ. ಆ ಟೈರು ಚೆನ್ನಾಗಿ ಕಾದ ಮೇಲಷ್ಟೇ ನೆಲಕ್ಕೆ ಅಂಟುವಂಥದ್ದು. ಅದಕ್ಕೇ ಓಟಕ್ಕೆ ಮುಂಚೆ ಕರೆಂಟಿನ ಕಂಬಳಿ ಹೊದಿಸಿ ಅದನ್ನು ಬಿಸಿ ಮಾಡುತ್ತಾರೆ. ಮನೆಯಿಂದ ಹಾಲಿನ ಬೂತಿಗೆ ಹೋಗಿಬರುವಷ್ಟರಲ್ಲಿ ಅದು ಕಾಯುವುದೆಲ್ಲಿ? ಬ್ರೇಕಿನ ಪ್ಯಾಡಿನದೂ ಇದೇ ಕಥೆ, ತಣ್ಣಗಿದ್ದರೆ ಹಿಡಿಯುವುದಿಲ್ಲ. ಕಂಬಳದ ಕೋಣವನ್ನು ಯಾರಾದರೂ ನೇಗಿಲಿಗೆ ಕಟ್ಟುತ್ತಾರೆಯೇ?

ಇನ್ನು ನೆರೆಹೊರೆಯ ನ್ಯಾಯ ಕೇಳಿ. ತಂಗಿಯ ಮಗಳ ಬೈಕು ಸಿದ್ಧವಾದ ದಿನ ಅದನ್ನು ಪಿಕಪ್ ಗಾಡಿಗೆ ಏರಿಸಿ ಹಗ್ಗ ಬಿಗಿದೆವು. ರಸ್ತೆಯ ಮೇಲೆ ಅದು ಒಂದು ಮಾರೂ ಓಡಲಿಲ್ಲ. ಆದರೂ ಬೀದಿಯೆಲ್ಲ ನಿಂತು ನೋಡಿತು. 'ಒಳ್ಳೆ ಗಾಡಿ ಹಾಳು ಮಾಡಿಬಿಟ್ಟಳಲ್ಲ, ಇನ್ನು ಯಾರು ಕೊಳ್ತಾರೆ?' ಎಂದರೊಬ್ಬರು. ಎದುರುಮನೆಯವರು ನನ್ನನ್ನು ಪಕ್ಕಕ್ಕೆ ಕರೆದು, 'ಮೇಡಂ, ಹುಡುಗಿಗೆ ನಾಳೆ ಗಂಡು ನೋಡಬೇಕಲ್ವಾ?' ಎಂದು ಮೆತ್ತಗೆ ಕೇಳಿದರು. ಅವರ ಮಗ ಪಿಯುಸಿ ಎರಡನೇ ವರ್ಷ. ಹದಿನೆಂಟು ತುಂಬಿಲ್ಲ. ರಾತ್ರಿ ಹತ್ತಕ್ಕೆ ಅವನ ಸೈಲೆನ್ಸರಿನ ಸಿಡಿತಕ್ಕೆ ನಮ್ಮ ಬೀದಿಯ ಕೂಸುಗಳು ಬೆಚ್ಚಿ ಏಳುತ್ತವೆ. ಅದರ ಬಗ್ಗೆ ಯಾರೂ ಯಾರನ್ನೂ ಪಕ್ಕಕ್ಕೆ ಕರೆದದ್ದಿಲ್ಲ. ಹೆಣ್ಣುಮಗಳಿಗೆ ಈ ಉಸಾಬರಿ ಏಕೆ ಎನ್ನುವವರು ಬೆಂಗಳೂರಿನ ಐಶ್ವರ್ಯಾ ಪಿಸ್ಸೆಯ ಹೆಸರನ್ನಾದರೂ ಕೇಳಿರಲಿ. 2019ರಲ್ಲಿ ಬಾಹಾ ರ‍್ಯಾಲಿಗಳ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದವಳು ಆಕೆ.

ಅವಳು ಹೋದದ್ದು ಬೆಂಗಳೂರಿನಿಂದ ಸುಮಾರು 300 ಕಿಲೋಮೀಟರು ದೂರದ, ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಗೆ. ನಾನು ಕಾಲೇಜಿನಲ್ಲಿದ್ದಾಗ ಶೋಳಾವರಂನ ಹಳೆಯ ವಿಮಾನದ ಪಟ್ಟಿಯ ಮೇಲೆ ರೇಸು ನಡೆಯುತ್ತಿತ್ತು. ನಮ್ಮ ಮೈಸೂರಿನ ಯೆಜ್ಡಿಗಳೂ ಅಲ್ಲಿ ಓಡುತ್ತಿದ್ದವು. 1990ರಲ್ಲಿ ಇರುಂಗಾಟ್ಟುಕೋಟ್ಟೈಯಲ್ಲಿ ಅದಕ್ಕೆಂದೇ ರಸ್ತೆ ಆಯಿತು. 3.7 ಕಿಲೋಮೀಟರು, 12 ತಿರುವು. ಎದುರಿನಿಂದ ಯಾರೂ ಬರುವುದಿಲ್ಲ, ದನ ಅಡ್ಡ ಬರುವುದಿಲ್ಲ, ಶಾಲೆ ಬಿಟ್ಟ ಮಕ್ಕಳು ದಾಟುವುದಿಲ್ಲ. ಹಳದಿ ಬಾವುಟ ತೋರಿಸಿದರೆ ಮುಂದಿನವನನ್ನು ಹಿಂದಿಕ್ಕುವಂತಿಲ್ಲ, ಕೆಂಪು ತೋರಿಸಿದರೆ ಓಟವೇ ನಿಂತಿತು. ಪಕ್ಕದಲ್ಲೇ ಆಂಬುಲೆನ್ಸು.

ಹಾಗಾದರೆ ಅಲ್ಲಿ ಸಾವಿಲ್ಲವೇ? ಇದೆ. 2023ರ ಆಗಸ್ಟ್ 5ರಂದು ಬೆಂಗಳೂರಿನ ಹದಿಮೂರು ವರ್ಷದ ಹುಡುಗನೊಬ್ಬ ಅದೇ ಜಾಗದಲ್ಲಿ, ರಾಷ್ಟ್ರೀಯ ಸ್ಪರ್ಧೆಯಲ್ಲಿ ಬಿದ್ದು ತೀರಿಕೊಂಡ. ಎಂಟನೇ ತರಗತಿಯಲ್ಲಿ ನನ್ನೆದುರು ಕೂರುವ ವಯಸ್ಸು. ಆ ಸುದ್ದಿ ಓದಿದ ದಿನ ನನಗೆ ಅನ್ನ ಇಳಿಯಲಿಲ್ಲ. ಅಷ್ಟು ಚಿಕ್ಕ ಮಕ್ಕಳನ್ನು ಸ್ಪರ್ಧೆಗೆ ಇಳಿಸುವುದನ್ನು ನಾನು ಒಪ್ಪುವುದೂ ಇಲ್ಲ. ಆದರೆ ಅವನು ಬಿದ್ದ ಮೇಲೆ ಆ ವಾರದ ಉಳಿದ ಓಟಗಳನ್ನೆಲ್ಲ ರದ್ದು ಮಾಡಿದರು. ನಮ್ಮ ರಸ್ತೆಗಳಲ್ಲಿ 2022ನೇ ಒಂದೇ ವರ್ಷ ದೇಶದಲ್ಲಿ 1,68,491 ಜನ ಸತ್ತರು, ಅವರಲ್ಲಿ 74,897 ಮಂದಿ ದ್ವಿಚಕ್ರದ ಸವಾರರು. ಯಾವ ಓಟ ನಿಂತಿತು ಹೇಳಿ? 2024ರ ಸ್ವಾತಂತ್ರ್ಯ ದಿನದಂದು ನಮ್ಮ ತುಮಕೂರು ರಸ್ತೆಯಲ್ಲೇ, ನೆಲಮಂಗಲದ ಹತ್ತಿರ, ವ್ಹೀಲಿ ಮಾಡುತ್ತಿದ್ದ ಹುಡುಗರ ಎರಡು ಸ್ಕೂಟರುಗಳನ್ನು ರೊಚ್ಚಿಗೆದ್ದ ಜನ ಮೇಲ್ಸೇತುವೆಯಿಂದ ಕೆಳಗೆ ಎಸೆದರು. ಸ್ಟಾಫ್ ರೂಮಿನಲ್ಲಿ ಅನೇಕರಿಗೆ ಆ ವಿಡಿಯೋ ನೋಡಿ ಖುಷಿ. ನನಗೆ ಖುಷಿಯಾಗಲಿಲ್ಲ. ಎಸೆಯುವ ಹಂತ ಮುಟ್ಟುವವರೆಗೆ ಆ ಮನೆಗಳಲ್ಲಿ ತಂದೆತಾಯಿ ಏನು ಮಾಡುತ್ತಿದ್ದರು?

ಕಾನೂನಿಲ್ಲ ಎನ್ನಬೇಡಿ. ನೋಂದಣಿಯಲ್ಲಿರುವ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸಕೂಡದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲೇ ಇದೆ. 2019ರ ತಿದ್ದುಪಡಿಯ ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಹದಿನೆಂಟು ತುಂಬದ ಮಗ ಸಿಕ್ಕಿಬಿದ್ದರೆ ತಂದೆತಾಯಿಗೋ ಗಾಡಿಯ ಮಾಲೀಕರಿಗೋ 25,000 ದಂಡ, ಮೂರು ವರ್ಷದವರೆಗೆ ಸೆರೆ. ನಮ್ಮ ಹುಡುಗಿ ತನ್ನ ಗಾಡಿಯ ನೋಂದಣಿಯನ್ನೇ ರದ್ದು ಮಾಡಿ ಎಂದು ಅರ್ಜಿ ಬರೆದಳು. ಕಚೇರಿಯ ಹೊರಗೆ ಕೂತಿದ್ದ ಏಜೆಂಟನೊಬ್ಬ, 'ಚೆನ್ನಾಗಿರೋ ನಂಬರ್ ಯಾಕಮ್ಮ ಕಳ್ಕೋತೀರಿ?' ಎಂದು ಮರುಗಿದನಂತೆ.

ಎಲ್ಲರಿಗೂ ಚೆನ್ನೈವರೆಗೆ ಹೋಗಲು ದುಡ್ಡೆಲ್ಲಿದೆ ಎಂದು ಪೋಷಕರ ಸಭೆಯಲ್ಲಿ ಒಬ್ಬ ತಂದೆ ನನಗೆ ಎದುರಾಡಿದರು. ಅವರ ಮಾತು ನಿಜ. ಟೈರು, ಬಟ್ಟೆ, ಪಿಕಪ್ಪಿನ ಬಾಡಿಗೆ ಎಲ್ಲ ಸೇರಿ ಹುಡುಗಿಯ ಸಂಬಳದಲ್ಲಿ ದೊಡ್ಡ ಪಾಲು ಹೋಗುತ್ತದೆ. ಹೋಗಲು ಆಗದಿದ್ದರೆ ಗಾಡಿಯನ್ನು ಕಂಪನಿ ಕೊಟ್ಟ ಹಾಗೇ ಇಡಿ ಎಂದೆ. ಅವರು, 'ಹುಡುಗರು ಕೇಳಬೇಕಲ್ಲ ಮೇಡಂ' ಎಂದರು. ಲಕ್ಷದ ಮೇಲೆ ದುಡ್ಡು ಎಣಿಸಿ ಕೊಟ್ಟವರು ಇವರು. ಕೇಳಬೇಕಲ್ಲ ಎನ್ನುವವರೂ ಇವರೇ.

ಅಲ್ಲಿದ್ದ ತಾಯಂದಿರನ್ನು ನಾನು ಬೇರೆಯಾಗಿ ನಿಲ್ಲಿಸಿಕೊಂಡೆ. ಸೀರೆ ಗಾರ್ಡು, ಹಿಡಿಕೆ, ಎರಡು ಕನ್ನಡಿ ಇಲ್ಲದ ಗಾಡಿಯ ಹಿಂದೆ ಯಾರ ಮಗನಾದರೂ ಸರಿ ಹತ್ತಬೇಡಿ, ಆಟೋಗೆ ಕೈ ಮಾಡಿ ಎಂದೆ. ಬಿಚ್ಚಿದ ಗಾರ್ಡು ಎಲ್ಲಿದೆ ಎಂದು ಮಗನನ್ನು ಕೇಳಿ, ಕಳೆದುಹಾಕಿದ್ದರೆ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಬೈಕಿನ ಹೆಸರು ಹೇಳಿ ತರಿಸಿ ಎಂದೆ. ಒಬ್ಬಾಕೆ ಪುಸ್ತಕ ತೆಗೆದು, ಕೂಡಿಸಲು ಏನೇನು ಬೇಕೆಂದು ಕೇಳಿ ಬರೆದುಕೊಂಡಳು. ಹೆಚ್ಚೇನಿಲ್ಲ, ಎರಡು ಸ್ಪ್ಯಾನರು, ಕಾಲು ಗಂಟೆ.